ಭಂಗಿ ಮತ್ತು ಗ್ರಹಣಿ: ಕರುಳಿನ ದೀರ್ಘವ್ಯಾಧಿಯಲ್ಲಿ ಒಂದು ಹಳೆಯ ಔಷಧದ ಪರಿಶೀಲನೆ

ಕರುಳಿನ ದೀರ್ಘಕಾಲದ ಉರಿಯೂತದಿಂದ ಬಳಲುವವರಿಗೆ ಗಾಂಜಾ ಗಿಡದಿಂದ ಸಿದ್ಧಪಡಿಸಿದ ಔಷಧಗಳು ಉಪಶಮನವನ್ನು ಕೊಡುತ್ತವೆಂಬ ಮಾತು ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿಯೂ ಕೇಳಿಬರುತ್ತಿದೆ. ಕೆನಡಾ, ಜರ್ಮನಿ ಮೊದಲಾದ ದೇಶಗಳಲ್ಲಿ ನೆಲಸಿರುವ ಬಂಧುಗಳ ಮೂಲಕ ಈ ಸಂಗತಿಯನ್ನು ಅರಿತವರು ನಮ್ಮಲ್ಲಿ ಕಡಮೆಯಿಲ್ಲ. ಇತ್ತ 'ವಿಜಯಾ' ಎಂಬ ಹೆಸರಿನ ತೈಲಗಳೂ ಗುಳಿಗೆಗಳೂ ಆಯುರ್ವೇದ ಔಷಧಗಳೆಂಬ ಪರವಾನಗಿಯೊಡನೆ ಮಾರಾಟಕ್ಕೆ ಬಂದಿವೆ. ನಮ್ಮ ಪೂರ್ವಿಕರಿಗೆ ಇದೆಲ್ಲವೂ ತಿಳಿದಿತ್ತೆಂದು ಕೆಲವರು ಅಭಿಮಾನದಿಂದ ಹೇಳುತ್ತಾರೆ. ಮನೆಗೆಡಿಸುವ ಮಾದಕದ್ರವ್ಯಕ್ಕೆ ಔಷಧದ ವೇಷ ತೊಡಿಸಲಾಗಿದೆಯೆಂದು ಮತ್ತೆ ಕೆಲವರು ಜುಗುಪ್ಸೆಯಿಂದ ನುಡಿಯುತ್ತಾರೆ. ಈ ಎರಡು ಪಕ್ಷಗಳ ನಡುವೆ ಸಿಲುಕಿದವನು ರೋಗಿ. ದಿನಕ್ಕೆ ಹತ್ತು ಹನ್ನೆರಡು ಬಾರಿ ಶೌಚಕ್ಕೆ ಓಡಬೇಕಾದ, ರಕ್ತ ಕಂಡು ಗಾಬರಿಗೊಳ್ಳುವ, ಊರು ಬಿಟ್ಟು ಪ್ರಯಾಣಮಾಡಲು ಅಂಜುವ ಆ ವ್ಯಕ್ತಿಗೆ ಬೇಕಾದುದು ಅಭಿಮಾನವೂ ಅಲ್ಲ, ಜುಗುಪ್ಸೆಯೂ ಅಲ್ಲ, ನಂಬಬಹುದಾದ ತಿಳಿವಳಿಕೆ. ಹಳೆಯ ವೈದ್ಯಗ್ರಂಥಗಳು ಈ ಗಿಡದ ವಿಷಯದಲ್ಲಿ ನಿಜವಾಗಿ ಏನು ಹೇಳಿವೆ, ಹೊಸ ಪರೀಕ್ಷೆಗಳು ಏನನ್ನು ತೋರಿಸಿವೆ, ಕಾನೂನು ಎಲ್ಲಿಯವರೆಗೆ ಆಸ್ಪದ ಕೊಟ್ಟಿದೆ ಎಂಬುದನ್ನು ಒಂದೆಡೆ ಕೂಡಿಸಿ ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

1. ಹೆಸರು ಮತ್ತು ವಸ್ತು

ಸಂಸ್ಕೃತದಲ್ಲಿ ಭಂಗಾ, ವಿಜಯಾ ಎಂದೂ ಕನ್ನಡದಲ್ಲಿ ಭಂಗಿ ಎಂದೂ ಕರೆಯುವ ಗಿಡ ಒಂದೇ. ಆದರೆ ಅದರಿಂದ ದೊರೆಯುವ ಪದಾರ್ಥಗಳು ಮೂರು. ಅವುಗಳ ಭೇದವನ್ನು ಮೊದಲು ತಿಳಿಯದಿದ್ದರೆ ಮುಂದಿನ ವಿಚಾರವೆಲ್ಲ ಗೊಂದಲವಾಗುತ್ತದೆ. ಎಲೆಯನ್ನು ಒಣಗಿಸಿ, ಅರೆದು, ಹಾಲಿನಲ್ಲಿಯೋ ಬೆಲ್ಲದಲ್ಲಿಯೋ ಸೇವಿಸುವುದು ಭಂಗಿ ಅಥವಾ ಭಂಗ್. ಹೆಣ್ಣುಗಿಡದ ಹೂಗೊಂಚಲಿನ ತುದಿ ಗಾಂಜಾ. ಗಿಡದಿಂದ ಒಸರುವ ರಾಳವನ್ನು ಬೇರ್ಪಡಿಸಿ ಕೂಡಿಸಿದುದು ಚರಸ್. ಮಾದಕ ಶಕ್ತಿ ಎಲೆಯಲ್ಲಿ ಕಡಮೆ, ಹೂವಿನ ತುದಿಯಲ್ಲಿ ಹೆಚ್ಚು, ರಾಳದಲ್ಲಿ ಎಲ್ಲಕ್ಕಿಂತ ಹೆಚ್ಚು. ನಮ್ಮ ವೈದ್ಯರ ಚೂರ್ಣಗಳಲ್ಲಿ ಸಾಮಾನ್ಯವಾಗಿ ಸೇರುವುದು ಎಲೆ. ಪಾಶ್ಚಾತ್ಯ ದೇಶಗಳ ಪರೀಕ್ಷೆಗಳಲ್ಲಿ ಬಳಸಿದುದಾದರೋ ಬಹುಮಟ್ಟಿಗೆ ಹೂವು, ಇಲ್ಲವೆ ಅದರಿಂದ ತೆಗೆದ ಸಾರ. ಈ ಭೇದ ವೈದ್ಯಕ್ಕೆ ಎಷ್ಟು ಮುಖ್ಯವೋ ಕಾನೂನಿಗೂ ಅಷ್ಟೇ ಮುಖ್ಯ.

ಗಿಡದ ಪರಿಚಯ ನಮ್ಮ ನಾಡಿಗೆ ಪ್ರಾಚೀನವಾದುದು. ಅಥರ್ವವೇದವು ಸೋಮವನ್ನು ಮುಂದಾಳಾಗಿ ಉಳ್ಳ ಸಸ್ಯಗಳ ಸಾಲಿನಲ್ಲಿ ಭಂಗವನ್ನು ಹೆಸರಿಸುತ್ತದೆ. ಎಳ್ಳು, ಉದ್ದು ಮೊದಲಾದವುಗಳನ್ನು ಬೆಳೆಯುವ ಹೊಲಗಳಿಗೆ ಸಲ್ಲುವ ಶಬ್ದರೂಪಗಳನ್ನು ವಿಧಿಸುವಾಗ ಪಾಣಿನಿಯು ಭಂಗೆಯ ಹೊಲವನ್ನೂ ಸೇರಿಸಿದ್ದಾನೆ. ಅಂದರೆ ಆ ಕಾಲದಲ್ಲಿ ಅದು ಬಿತ್ತಿ ಬೆಳೆಯುವ ಪೈರಾಗಿತ್ತು. ಇಷ್ಟರಿಂದಲೇ ಅದು ಅಂದು ಔಷಧವೂ ಆಗಿತ್ತೆಂದು ನಿರ್ಣಯಿಸುವುದು ಸಲ್ಲದು. ನಾರಿಗಾಗಿ ಬೆಳೆದ ಗಿಡವೂ ಪೈರೇ ಸರಿ.

ಧಾರ್ಮಿಕ ಬಳಕೆಯ ವಿಷಯವೂ ಹೀಗೆಯೇ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ಸಂಸ್ಥಾನದ ಹಾಗೂ ರಾಜ್ಯದ ಭಾಗವಾಗಿದ್ದ ಕನ್ನಡ ಸೀಮೆಯಲ್ಲಿ, ಈಗಿನ ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿ, ಗಾಂಜಾ ಸೊಪ್ಪು ಪ್ರಸಾದವೆಂದು ಸಲ್ಲುತ್ತಿದ್ದ ಸಂಗತಿ ಪತ್ರಿಕೆಗಳಲ್ಲಿ ವರದಿಯಾಗಿದೆ. ಆ ಭಾಗದ ಆರೂಢ, ಅವಧೂತ ಪಂಥಗಳ ಕೆಲವು ಸಾಧಕರು ಅದನ್ನು ಧ್ಯಾನಕ್ಕೆ ಸಾಧನವೆಂದು ಭಾವಿಸುತ್ತಾರೆ. ಇದು ಶ್ರದ್ಧೆಯ ವಿಷಯ. ಔಷಧದ ಯೋಗ್ಯತೆಯನ್ನು ನಿರ್ಣಯಿಸುವಾಗ ಇದನ್ನು ಪರವಾಗಿಯೂ ವಿರೋಧವಾಗಿಯೂ ಸಾಕ್ಷಿಯೆಂದು ಎಣಿಸಲಾಗದು.

2. ವೈದ್ಯಗ್ರಂಥಗಳ ಮಾತು

ಚರಕ, ಸುಶ್ರುತ ಸಂಹಿತೆಗಳಲ್ಲಿ ಭಂಗಿಯನ್ನು ಕರುಳಿನ ರೋಗಕ್ಕೆ ವಿಧಿಸಿದ, ನಿಸ್ಸಂದೇಹವಾಗಿ ಗುರುತಿಸಬಹುದಾದ ಉಲ್ಲೇಖ ದೊರೆಯುವುದಿಲ್ಲ. ಔಷಧವಾಗಿ ಅದರ ಸ್ಪಷ್ಟವಾದ ಪ್ರವೇಶ ಸುಮಾರು ಹನ್ನೊಂದು ಹನ್ನೆರಡನೆಯ ಶತಮಾನಗಳಿಂದೀಚೆಗೆ ಎಂಬುದು ವೈದ್ಯಶಾಸ್ತ್ರದ ಇತಿಹಾಸಕಾರರ ಅಭಿಪ್ರಾಯ. ಸುಮಾರು 1300ರ ಕಾಲದ ಶಾರ್ಙ್ಗಧರ ಸಂಹಿತೆಯಲ್ಲಿ ಅದರ ಸ್ಥಾನ ಭದ್ರವಾಗಿದೆ. ಜೀರ್ಣವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ದ್ರವ್ಯಕ್ಕೆ ಶಾರ್ಙ್ಗಧರನು 'ವ್ಯವಾಯಿ' ಎಂಬ ಸಂಜ್ಞೆಯನ್ನು ಕೊಟ್ಟು, ಭಂಗಿ ಮತ್ತು ಅಫೀಮುಗಳನ್ನು ಅದಕ್ಕೆ ಉದಾಹರಣೆಯಾಗಿ ಹೇಳಿದ್ದಾನೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದುದು ಗಮನಾರ್ಹ. ಅವೆರಡೂ ನೋವನ್ನು ತಗ್ಗಿಸುತ್ತವೆ. ಎರಡೂ ಕರುಳಿನ ಚಲನೆಯನ್ನು ಮಂದಗೊಳಿಸುತ್ತವೆ. ಎರಡೂ ಅಭ್ಯಾಸವಾಗಿ ಅಂಟಿಕೊಳ್ಳಬಲ್ಲವು.

ಅದೇ ಸಂಹಿತೆಯ ಮಧ್ಯಮಖಂಡದಲ್ಲಿ ಜಾತೀಫಲಾದಿ ಚೂರ್ಣವೆಂಬ ಯೋಗವಿದೆ. ಜಾಯಿಕಾಯಿ, ಲವಂಗ, ಏಲಕ್ಕಿ, ದಾಲ್ಚಿನ್ನಿ, ನಾಗಕೇಸರ, ಕರ್ಪೂರ, ಚಂದನ, ನೆಲ್ಲಿ, ಹಿಪ್ಪಲಿ, ಅಳಲೆ, ಶುಂಠಿ, ಮೆಣಸು ಮೊದಲಾದ ಇಪ್ಪತ್ತು ದ್ರವ್ಯಗಳನ್ನು ಸಮಭಾಗವಾಗಿ ಕೂಡಿಸಿ, ಅವೆಲ್ಲವುಗಳ ಒಟ್ಟು ತೂಕದಷ್ಟು ಭಂಗಿಯನ್ನೂ, ಈ ಎಲ್ಲ ಚೂರ್ಣದ ತೂಕದಷ್ಟು ಸಕ್ಕರೆಯನ್ನೂ ಬೆರೆಸಬೇಕೆಂದು ವಿಧಿ. ಲೆಕ್ಕಹಾಕಿದರೆ ಸಿದ್ಧಚೂರ್ಣದ ನಾಲ್ಕನೆಯ ಒಂದು ಭಾಗ ಭಂಗಿಯಾಗುತ್ತದೆ. ಅದು ರುಚಿಗಾಗಿ ಬೆರೆಸಿದ ಪದಾರ್ಥವಲ್ಲ, ಯೋಗದ ಪ್ರಧಾನ ದ್ರವ್ಯವೆಂದು ಇದರಿಂದ ವಿಶದವಾಗುತ್ತದೆ. ಈ ಚೂರ್ಣ ಪರಿಹರಿಸುವ ರೋಗಗಳಲ್ಲಿ ಗ್ರಹಣಿಯೂ ಕೆಮ್ಮು, ಉಬ್ಬಸ, ಅರುಚಿ, ಕ್ಷಯಗಳೂ ಹೇಳಲ್ಪಟ್ಟಿವೆ. ಭಾರತ ಸರ್ಕಾರವು ಪ್ರಕಟಿಸಿದ ಆಯುರ್ವೇದ ಯೋಗಸಂಗ್ರಹದಲ್ಲಿ ಈ ಯೋಗ ಇಂದಿಗೂ ಇದೆ. ಯುನಾನಿ ಪದ್ಧತಿಯಲ್ಲಿಯೂ ಭಂಗಿ ಸೇರಿದ ಮಾಜೂನುಗಳುಂಟು. ಚಾರಮಿನಾರಿನ ಆಸುಪಾಸಿನ ಹಕೀಮರ ಪರಂಪರೆಯನ್ನು ಬಲ್ಲ ಹೈದರಾಬಾದಿನ ವಾಚಕರಿಗೆ ಇದು ಅಪರಿಚಿತವಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದು: ಗ್ರಹಣಿಯೆಂದರೆ ಆಮಾಶಯ ಪಕ್ವಾಶಯಗಳ ನಡುವಣ ಅಗ್ನಿಯ ಸ್ಥಾನ, ಆ ಅಗ್ನಿ ಕೆಟ್ಟು ಮಲವು ಒಮ್ಮೆ ಕಟ್ಟಿ ಒಮ್ಮೆ ಸಡಿಲವಾಗಿ ಹೋಗುವ ದೀರ್ಘರೋಗಕ್ಕೂ ಅದೇ ಹೆಸರು. ಇಂದಿನ ವೈದ್ಯರು ಬೇರೆ ಬೇರೆಯಾಗಿ ಗುರುತಿಸುವ ಹಲವು ರೋಗಗಳು ಈ ಒಂದು ಹೆಸರಿನ ಕೆಳಗೆ ಅಡಗಿವೆ. ಆದುದರಿಂದ ಗ್ರಹಣಿಯೇ ಇಂದಿನ ಕರುಳಿನ ಉರಿಯೂತವೆಂದು ಸಮೀಕರಿಸುವುದು ಸಾಧುವಲ್ಲ. ಎರಡನೆಯದು: ಇಪ್ಪತ್ತು ದ್ರವ್ಯಗಳ ಜೊತೆಗೆ ಕೊಟ್ಟ ಭಂಗಿಯ ಗುಣವನ್ನು ಭಂಗಿಯೊಂದರ ಗುಣವೆನ್ನುವಂತಿಲ್ಲ. ಜಾಯಿಕಾಯಿ, ಶುಂಠಿಗಳು ಭೇದಿಗೆ ಮನೆಮದ್ದುಗಳೆಂಬುದು ನಮ್ಮ ಅಜ್ಜಿಯರೆಲ್ಲರಿಗೂ ಗೊತ್ತಿತ್ತು.

3. ಆಂಗ್ಲರ ಕಾಲದ ವಿಚಾರಣೆ

ಭಂಗಿಯನ್ನು ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದ ಕೀರ್ತಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ವಿಲಿಯಂ ಬ್ರೂಕ್ ಓ'ಶಾನೆಸಿಗೆ ಸಲ್ಲತಕ್ಕದ್ದು. ಮುಂದೆ ಭಾರತದಲ್ಲಿ ತಂತಿ ಟಪಾಲನ್ನು ಸ್ಥಾಪಿಸಿದವನೂ ಈತನೇ. 1839ರಲ್ಲಿ ಅವನು ಮಂಡಿಸಿದ ಪ್ರಬಂಧದಲ್ಲಿ ಪಂಡಿತರಿಂದಲೂ ಹಕೀಮರಿಂದಲೂ ಸಂಗ್ರಹಿಸಿದ ಮಾಹಿತಿ, ಪ್ರಾಣಿಗಳ ಮೇಲಿನ ಪ್ರಯೋಗ, ಆಮೇಲೆ ಧನುರ್ವಾತ, ಕಾಲರಾ, ಸಂಧಿವಾತ, ಮಕ್ಕಳ ಸೆಳವು ಮೊದಲಾದವುಗಳಲ್ಲಿ ಕೊಟ್ಟು ನೋಡಿದ ಅನುಭವ ಈ ಕ್ರಮದಲ್ಲಿ ನಿರೂಪಿತವಾಗಿವೆ. ಹಳೆಯ ತಿಳಿವಳಿಕೆಯನ್ನು ಗೌರವದಿಂದ ಕೇಳಿ, ಅನಂತರ ಪರೀಕ್ಷಿಸಿದ ಆ ಕ್ರಮ ಇಂದಿಗೂ ಅನುಕರಣೀಯ. ಅವನ ಮೂಲಕ ಔಷಧ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಔಷಧಕೋಶವನ್ನು ಸೇರಿತು. ಆದರೆ ಒಂದು ಸೀಸೆಯ ಬಲ ಇನ್ನೊಂದಕ್ಕೆ ಇರಲಿಲ್ಲ. ಒಬ್ಬನಿಗೆ ಏನೂ ಆಗದ ಪ್ರಮಾಣ ಇನ್ನೊಬ್ಬನನ್ನು ಭ್ರಮೆಗೆ ನೂಕುತ್ತಿತ್ತು. ಈ ಅಸ್ಥಿರತೆಯೂ ಮಾದಕದ್ರವ್ಯ ನಿಯಂತ್ರಣದ ಕಾನೂನುಗಳೂ ಸೇರಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅದು ಔಷಧಕೋಶಗಳಿಂದ ಹೊರಬಿತ್ತು.

ಈ ನಡುವೆ 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ ಭಾರತೀಯ ಗಾಂಜಾ ಆಯೋಗ ನೇಮಕವಾಯಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷನಾಗಿದ್ದ ಈ ಆಯೋಗ 1193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು 1894ರಲ್ಲಿ ವರದಿಯನ್ನು ಸಲ್ಲಿಸಿತು. ಮಿತವಾದ ಸೇವನೆಯಿಂದ ಗಣನೀಯ ಹಾನಿಯಿಲ್ಲ, ಅತಿ ಸೇವನೆ ಹಾನಿಕರ, ಸಂಪೂರ್ಣ ನಿಷೇಧ ಅನಾವಶ್ಯಕ ಎಂಬುದು ಅದರ ನಿರ್ಣಯದ ಸಾರ. ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯ ಅಲ್ಲಿದೆ. ಈ ಪದಾರ್ಥ ಜೀರ್ಣಶಕ್ತಿಯನ್ನು ಕೆಡಿಸುತ್ತದೆಯೇ, ಆಮಶಂಕೆಯನ್ನು ತರುತ್ತದೆಯೇ ಎಂದು ಆಯೋಗ ಕೇಳಿತು. ಆಮಶಂಕೆಗೂ ಭೇದಿಗೂ ನಾವು ಕೊಡುವ ಮದ್ದೇ ಅದು ಎಂದು ಹೇಳಿದ ವೈದ್ಯರೂ ಸಾಕ್ಷಿಗಳಲ್ಲಿದ್ದರು. ಒಂದೇ ದ್ರವ್ಯ ರೋಗಕಾರಣವೆಂದೂ ರೋಗಪರಿಹಾರವೆಂದೂ ಒಂದೇ ವಿಚಾರಣೆಯಲ್ಲಿ ದಾಖಲಾಯಿತು. ಇಂತಹ ವಿರೋಧವನ್ನು ಸಾಕ್ಷಿಗಳ ಸಂಖ್ಯೆಯಿಂದ ಬಗೆಹರಿಸಲಾಗದು. ಅದಕ್ಕೆ ಬೇರೆಯೇ ವಿಧಾನ ಬೇಕು.

4. ರೋಗದ ಸ್ವರೂಪ

ಕರುಳಿನ ದೀರ್ಘಕಾಲದ ಉರಿಯೂತ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣುಗಳಾಗಿ ರಕ್ತಭೇದಿಯನ್ನುಂಟುಮಾಡುವುದು ಅಲ್ಸರೇಟಿವ್ ಕೊಲೈಟಿಸ್. ಇದಕ್ಕೆ ಈ ಹೆಸರನ್ನು 1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ಬಳಸಿದನು. ಬಾಯಿಯಿಂದ ಗುದದವರೆಗೆ ಯಾವ ಭಾಗವನ್ನಾದರೂ ಹಿಡಿದು, ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ಕೊರೆಯಬಲ್ಲದು ಕ್ರೋನ್ಸ್ ರೋಗ. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಸಂಗಡಿಗರು ಇದನ್ನು ವರ್ಣಿಸಿದರು. ದೇಹದ ರಕ್ಷಣಾವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿಬೀಳುವುದು ಎರಡರಲ್ಲಿಯೂ ಸಮಾನವಾದ ಅಂಶ.

ಇವು ಶೀತದೇಶಗಳ ರೋಗಗಳೆಂಬ ನಂಬಿಕೆ ಹಿಂದೆ ಇತ್ತು. 2003ರಲ್ಲಿ ಪ್ರಕಟವಾದ ಲುಧಿಯಾನದ ಸಮೀಕ್ಷೆ ಅಲ್ಸರೇಟಿವ್ ಕೊಲೈಟಿಸ್ ಒಂದು ಲಕ್ಷ ಜನರಲ್ಲಿ 44.3 ಮಂದಿಗೆ ಇದೆಯೆಂದು ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಹೈದರಾಬಾದಿನ ಏಷ್ಯನ್ ಇನ್ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ತಜ್ಞರ ಅಧ್ಯಯನಗಳು ತೆಲಂಗಾಣದ ಹಳ್ಳಿಗಳಲ್ಲಿಯೂ ಈ ರೋಗಗಳು ಕಂಡುಬರುತ್ತಿವೆಯೆಂದು ತಿಳಿಸಿವೆ. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಉಂಟು: ಕರುಳಿನ ಕ್ಷಯವೂ ಕ್ರೋನ್ಸ್ ರೋಗವೂ ನೋಡುವುದಕ್ಕೆ ಒಂದೇ ತೆರನಾಗಿರುತ್ತವೆ. ಒಂದಕ್ಕೆ ಕೊಡುವ ಸ್ಟೀರಾಯ್ಡ್ ಇನ್ನೊಂದನ್ನು ಉಲ್ಬಣಗೊಳಿಸಬಹುದು. ಹೊಟ್ಟೆನೋವು, ಭೇದಿ, ತೂಕ ಇಳಿಯುವಿಕೆ ಇವಿಷ್ಟನ್ನೇ ನೋಡಿ ಯಾವ ಔಷಧವನ್ನಾದರೂ ಆರಂಭಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದಲೇ ಸ್ಪಷ್ಟ.

ಈ ರೋಗಗಳು ಬೇರುಸಹಿತ ಹೋಗುವುದು ಅಪರೂಪ. ಮೆಸಲಮೀನ್, ಸ್ಟೀರಾಯ್ಡ್, ಅಜಥಯಾಪ್ರಿನ್, ಈಚಿನ ಜೈವಿಕ ಚುಚ್ಚುಮದ್ದುಗಳು ಇವುಗಳಿಂದ ಉರಿಯನ್ನು ಅಡಗಿಸಿಡುವುದೇ ಚಿಕಿತ್ಸೆಯ ಗುರಿ. ಔಷಧಗಳನ್ನು ವರ್ಷಾನುಗಟ್ಟಲೆ ಸೇವಿಸಬೇಕು. ಜೈವಿಕ ಔಷಧಗಳ ಬೆಲೆಯೋ ಮಧ್ಯಮವರ್ಗದ ಸಂಸಾರವನ್ನು ನಡುಗಿಸುವಂಥದು. ಹೀಗಿರಲು, ಅಗ್ಗವಾದ, ಹಳೆಯ, ನೋವನ್ನು ಕೂಡಲೆ ತಗ್ಗಿಸುವ ಗಿಡವೊಂದರ ಕಡೆಗೆ ರೋಗಿಯ ಮನಸ್ಸು ಹರಿದರೆ ಅದನ್ನು ಅವಿವೇಕವೆಂದು ಹಳಿಯುವುದು ನ್ಯಾಯವಲ್ಲ.

5. ಗುಣಕ್ಕೆ ಕಾರಣ

ಭಂಗಿಯು ಕರುಳಿನ ಮೇಲೆ ಹೇಗೆ ವರ್ತಿಸುತ್ತದೆಂಬುದು ಬಹುಕಾಲ ರಹಸ್ಯವಾಗಿತ್ತು. 1964ರಲ್ಲಿ ಇಸ್ರೇಲಿನ ರಾಫೇಲ್ ಮೆಷೋಲಮ್ ಮತ್ತು ಯೆಹಿಯೆಲ್ ಗಾವೊನಿ ಅದರ ಮಾದಕ ಘಟಕವಾದ ಟೆಟ್ರಾಹೈಡ್ರೋಕೆನಾಬಿನಾಲ್, ಸಂಕ್ಷೇಪವಾಗಿ ಟಿ.ಎಚ್.ಸಿ., ಎಂಬುದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅಮಲೇರಿಸದ ಇನ್ನೊಂದು ಘಟಕ ಕೆನಾಬಿಡಿಯಾಲ್, ಅಂದರೆ ಸಿ.ಬಿ.ಡಿ. ಆಮೇಲೆ ನಮ್ಮ ದೇಹದ ಜೀವಕೋಶಗಳಲ್ಲಿಯೇ ಈ ದ್ರವ್ಯಗಳನ್ನು ಸ್ವೀಕರಿಸುವ ಗ್ರಾಹಕಗಳಿವೆಯೆಂದು ತಿಳಿದುಬಂದಿತು. ಒಂದು ಬಗೆಯ ಗ್ರಾಹಕ ಮೆದುಳಿನಲ್ಲಿಯೂ ಕರುಳಿನ ನರಗಳಲ್ಲಿಯೂ ಇದೆ. ಇನ್ನೊಂದು ಬಗೆ ಹೆಚ್ಚಾಗಿ ರಕ್ಷಣಾವ್ಯವಸ್ಥೆಯ ಕೋಶಗಳಲ್ಲಿದೆ.

ಗ್ರಾಹಕವಿದ್ದ ಮೇಲೆ ಅದಕ್ಕೆ ಸಲ್ಲುವ ದ್ರವ್ಯವನ್ನು ದೇಹವೇ ತಯಾರಿಸುತ್ತಿರಬೇಕಷ್ಟೆ. ಅಂತಹ ಮೊದಲನೆಯ ದ್ರವ್ಯ 1992ರಲ್ಲಿ ದೊರೆಯಿತು. ಅದಕ್ಕೆ ಸಂಸ್ಕೃತದ ಆನಂದ ಶಬ್ದದಿಂದ 'ಆನಂದಮೈಡ್' ಎಂದು ಹೆಸರಿಟ್ಟರು. ಎರಡನೆಯದನ್ನು 1995ರಲ್ಲಿ ಮೆಷೋಲಮ್ ತಂಡದವರು ನಾಯಿಯ ಕರುಳಿನಿಂದಲೇ ಬೇರ್ಪಡಿಸಿದರು. ಇದು ಆಕಸ್ಮಿಕವಲ್ಲ. ಕರುಳಿನ ಚಲನೆ, ಸ್ರಾವ, ನೋವಿನ ಅರಿವು, ಉರಿ ಇವುಗಳನ್ನು ಹದದಲ್ಲಿಡುವ ಕಾರ್ಯದಲ್ಲಿ ಈ ವ್ಯವಸ್ಥೆಗೆ ಪಾತ್ರವಿದೆ. ಟಿ.ಎಚ್.ಸಿ. ಕರುಳಿನ ನರಗಳ ಗ್ರಾಹಕಗಳನ್ನು ಹಿಡಿದಾಗ, ಚಲನೆಯನ್ನು ಪ್ರೇರಿಸುವ ಅಸಿಟೈಲ್‌ಕೋಲಿನ್ ಬಿಡುಗಡೆ ಕಡಮೆಯಾಗಿ ಕರುಳು ನಿಧಾನವಾಗುತ್ತದೆ, ಸೆಳೆತ ತಗ್ಗುತ್ತದೆ. ಮೆದುಳಿನಲ್ಲಿ ಅದೇ ದ್ರವ್ಯ ಓಕರಿಕೆಯನ್ನು ಅಡಗಿಸಿ ಹಸಿವನ್ನು ಎಬ್ಬಿಸುತ್ತದೆ. ಹೀಗೆ ಗ್ರಹಣಿಯಲ್ಲಿಯೂ ಅರುಚಿಯಲ್ಲಿಯೂ ಭಂಗಿಯನ್ನು ವಿಧಿಸಿದ ವೈದ್ಯರ ಅನುಭವಕ್ಕೆ ಇಂದು ಶಾರೀರಿಕ ಆಧಾರ ದೊರೆತಿದೆ. ಆದರೆ ಲಕ್ಷಣ ತಗ್ಗುವುದಕ್ಕೆ ಆಧಾರ ದೊರೆತೊಡನೆ ಉರಿ ಆರುವುದಕ್ಕೂ ಆಧಾರ ದೊರೆತಂತಾಗಲಿಲ್ಲ. ಅದನ್ನು ಪರೀಕ್ಷೆಗಳಿಂದಲೇ ತಿಳಿಯಬೇಕು.

6. ಪರೀಕ್ಷೆಗಳ ಸಾಕ್ಷ್ಯ

ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಮಾಡಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ನಿರ್ಗುಣ ಪದಾರ್ಥವನ್ನೂ ಕೊಟ್ಟು ಹೋಲಿಸುವುದು ಇಂದು ಎಲ್ಲರೂ ಒಪ್ಪಿದ ವಿಧಾನ. ಈ ರೋಗಗಳಲ್ಲಿ ಗಾಂಜಾವನ್ನು ಹೀಗೆ ಪರೀಕ್ಷಿಸುವ ಕಾರ್ಯದಲ್ಲಿ ಇಸ್ರೇಲಿನ ಟಿಮ್ನಾ ನಾಫ್ತಾಲಿ ಮತ್ತು ಸಂಗಡಿಗರು ಮುಂದಾಳುಗಳು. 2013ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಬೇರೆ ಔಷಧಗಳಿಗೆ ಬಗ್ಗದ 21 ಮಂದಿ ಕ್ರೋನ್ಸ್ ರೋಗಿಗಳು 8 ವಾರ ಭಾಗವಹಿಸಿದ್ದರು. ಗಾಂಜಾ ಸೇದಿದ 11 ಮಂದಿಯಲ್ಲಿ 10 ಮಂದಿಗೆ ಲಕ್ಷಣಗಳು ಗಣನೀಯವಾಗಿ ತಗ್ಗಿದವು. ಹೋಲಿಕೆಯ ಗುಂಪಿನ 10 ಮಂದಿಯಲ್ಲಿ 4 ಮಂದಿಗೆ. ಆದರೆ ಪೂರ್ಣ ಶಮನ ಪಡೆದವರು ಕ್ರಮವಾಗಿ 5 ಮತ್ತು 1. ಇಷ್ಟು ಸಣ್ಣ ಗುಂಪಿನಲ್ಲಿ ಈ ಅಂತರ ಆಕಸ್ಮಿಕವೂ ಆಗಿರಬಹುದು. ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅಮಲಿಲ್ಲದ ಸಿ.ಬಿ.ಡಿ.ಯನ್ನು ಅಲ್ಪಪ್ರಮಾಣದಲ್ಲಿ ಕೊಟ್ಟ 2017ರ ಪರೀಕ್ಷೆಯಲ್ಲಿ ಕ್ರೋನ್ಸ್ ರೋಗಿಗಳಿಗೆ ಪ್ರಯೋಜನವಾಗಲಿಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ 60 ಮಂದಿ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಿಗೆ ಸಿ.ಬಿ.ಡಿ. ಪ್ರಧಾನವಾದ ಸಾರವನ್ನು ಕೊಟ್ಟು ನೋಡಿದರು. ಶಮನ ಪಡೆದವರ ಪ್ರಮಾಣ ಶೇಕಡಾ 28. ನಿರ್ಗುಣ ಪದಾರ್ಥ ಪಡೆದವರಲ್ಲಿ ಶೇಕಡಾ 26. 2021ರಲ್ಲಿ ನಾಫ್ತಾಲಿ ತಂಡದವರು 32 ಮಂದಿ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿದರು. ನೋವೂ ಭೇದಿಯೂ ತಗ್ಗಿ ಜೀವನ ಸುಗಮವಾಯಿತು. ಆದರೆ ಎಂಡೋಸ್ಕೋಪಿನಲ್ಲಿ ನೋಡಿದಾಗ ಕರುಳಿನ ಹುಣ್ಣಿನಲ್ಲಿ ಎರಡು ಗುಂಪುಗಳ ನಡುವೆ ನಿಶ್ಚಿತವೆನ್ನಬಹುದಾದ ಅಂತರವಿರಲಿಲ್ಲ. ಅದೇ ವರ್ಷ ಪ್ರಕಟವಾದ, ಸಿ.ಬಿ.ಡಿ. ಹೆಚ್ಚಾಗಿರುವ ತೈಲವನ್ನು 56 ಮಂದಿ ಕ್ರೋನ್ಸ್ ರೋಗಿಗಳಿಗೆ ಕೊಟ್ಟ ಪರೀಕ್ಷೆಯ ಫಲವೂ ಇದೇ: ರೋಗಿಗೆ ಹಿತ, ಕರುಳಿನಲ್ಲಿ ಬದಲಾವಣೆಯಿಲ್ಲ.

ಇದಕ್ಕೆ ಪೂರಕವಾಗಿ ಕೆನಡಾದ ಕ್ಯಾಲ್ಗರಿಯಲ್ಲಿ 313 ರೋಗಿಗಳನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ನೋಡಬೇಕು. ಅವರಲ್ಲಿ ಶೇಕಡಾ 17.6 ಮಂದಿ ರೋಗಲಕ್ಷಣಗಳಿಗಾಗಿ ಗಾಂಜಾ ಬಳಸಿದ್ದರು. ಹೊಟ್ಟೆನೋವು ತಗ್ಗಿತೆಂದು ಹೇಳಿದವರೇ ಅವರಲ್ಲಿ ಬಹುಮಂದಿ. ಆದರೆ ಕ್ರೋನ್ಸ್ ರೋಗಿಗಳಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಬಳಸಿದವರಿಗೆ ಶಸ್ತ್ರಚಿಕಿತ್ಸೆಯಾದ ಸಂಭವ ಸುಮಾರು ಐದು ಪಟ್ಟು ಹೆಚ್ಚಾಗಿ ಕಂಡಿತು. ಗಾಂಜಾದಿಂದಲೇ ಹೀಗಾಯಿತೆನ್ನಲಾಗದು, ರೋಗ ತೀವ್ರವಾದವರೇ ಅದನ್ನು ಹೆಚ್ಚಾಗಿ ಆಶ್ರಯಿಸಿದ್ದಿರಬಹುದು. ಆದರೂ ಇದು ಅಲಕ್ಷಿಸತಕ್ಕ ಸೂಚನೆಯಲ್ಲ.

7. ನಿಲ್ಲಿಸುವುದು ಬೇರೆ, ಗುಣಪಡಿಸುವುದು ಬೇರೆ

ಮೇಲಿನ ಪರೀಕ್ಷೆಗಳೆಲ್ಲ ಒಂದೇ ಕಡೆಗೆ ಬೆರಳು ತೋರುತ್ತವೆ: ಈ ಔಷಧ ರೋಗದ ಸದ್ದನ್ನು ಅಡಗಿಸುತ್ತದೆ, ರೋಗವನ್ನು ಅಡಗಿಸುತ್ತದೆಂಬುದಕ್ಕೆ ಪ್ರಮಾಣವಿಲ್ಲ. ಆಶ್ಚರ್ಯವೆಂದರೆ ಈ ವಿವೇಕ ನಮ್ಮ ವೈದ್ಯಶಾಸ್ತ್ರಕ್ಕೆ ಹೊಸತಲ್ಲ. ಅತಿಸಾರದ ಚಿಕಿತ್ಸೆಯನ್ನು ಹೇಳುವಾಗ ಚರಕ ಸಂಹಿತೆಯು, ಆಮದೋಷ ಒಳಗಿರುವಾಗ ಮೊದಲೇ ಮಲವನ್ನು ಕಟ್ಟುವ ಔಷಧವನ್ನು ಕೊಡಕೂಡದೆಂದು ನಿಷೇಧಿಸುತ್ತದೆ. ಹಾಗೆ ತಡೆದ ದೋಷ ಒಳಗೇ ನಿಂತು ಹೊಟ್ಟೆಯುಬ್ಬರ, ಗ್ರಹಣಿ, ಮೂಲವ್ಯಾಧಿ ಮೊದಲಾದ ಬೇರೆ ರೋಗಗಳನ್ನು ಹುಟ್ಟಿಸುತ್ತದೆಂದು ಕಾರಣವನ್ನೂ ಕೊಡುತ್ತದೆ. ಶಾರ್ಙ್ಗಧರನೂ ಅಗ್ನಿಯನ್ನು ದೀಪಿಸಿ, ಪಚನಮಾಡಿ, ದ್ರವವನ್ನು ಹೀರುವ 'ಗ್ರಾಹಿ' ದ್ರವ್ಯಗಳನ್ನೂ, ಕೇವಲ ತಡೆಯುವ 'ಸ್ತಂಭನ' ದ್ರವ್ಯಗಳನ್ನೂ ಬೇರೆ ಬೇರೆಯಾಗಿ ಲಕ್ಷಣಿಸಿದ್ದಾನೆ. ಇಂದಿನ ತಜ್ಞರೂ ಅಲ್ಸರೇಟಿವ್ ಕೊಲೈಟಿಸ್ ತೀವ್ರವಾಗಿರುವಾಗ ಕರುಳಿನ ಚಲನೆಯನ್ನು ನಿಲ್ಲಿಸುವ ಔಷಧಗಳನ್ನು ಕೊಡಲು ಹಿಂಜರಿಯುತ್ತಾರೆ. ದೊಡ್ಡ ಕರುಳು ಬಲೂನಿನಂತೆ ಉಬ್ಬಿ ಪ್ರಾಣಕ್ಕೇ ಅಪಾಯವಾಗುವ ಸಂಭವವುಂಟು. ಪರಿಭಾಷೆ ಬೇರೆಯಾದರೂ ಎರಡೂ ಕಾಲದ ವೈದ್ಯರ ಎಚ್ಚರಿಕೆ ಒಂದೇ ಆಗಿದೆ. ಪೂರ್ವಿಕರ ಹೆಸರಿನಲ್ಲಿ ಜಾತೀಫಲಾದಿ ಚೂರ್ಣವನ್ನು ಸ್ಮರಿಸುವವರು ಅದೇ ಪೂರ್ವಿಕರ ಈ ನಿಷೇಧವನ್ನೂ ಸ್ಮರಿಸುವುದು ನ್ಯಾಯ.

ಅಪಾಯದ ಮರ್ಮ ಇಲ್ಲಿದೆ. ನೋವು ತಗ್ಗಿದ ರೋಗಿ ತಾನು ಗುಣವಾದೆನೆಂದು ಭಾವಿಸಿ, ಬೆಲೆಬಾಳುವ ಮೂಲ ಔಷಧವನ್ನು ಬಿಡುತ್ತಾನೆ. ಒಳಗಿನ ಉರಿ ಸದ್ದಿಲ್ಲದೆ ಮುಂದುವರಿದು ಕರುಳು ಕಿರಿದಾಗಬಹುದು, ತೂತಾಗಬಹುದು. ಸಾಲಗಾರನು ಪತ್ರಗಳನ್ನು ತೆರೆಯದೆ ಪೆಟ್ಟಿಗೆಯಲ್ಲಿಟ್ಟರೆ ಬಡ್ಡಿ ಬೆಳೆಯುವುದು ನಿಲ್ಲುವುದಿಲ್ಲವೆಂಬುದನ್ನು ಬ್ಯಾಂಕಿನ ಉದ್ಯೋಗದಲ್ಲಿರುವವರು ದಿನನಿತ್ಯ ಕಾಣುತ್ತೇವೆ.

ಬೇರೆ ದೋಷಗಳೂ ಇವೆ. ತಲೆಸುತ್ತು, ಮಂಪರು, ಎದೆಬಡಿತ, ಮರೆವು ಸಾಮಾನ್ಯ. ಮನೋರೋಗದ ಪ್ರವೃತ್ತಿಯುಳ್ಳ ಮನೆತನದವರಿಗೂ ತರುಣರಿಗೂ ಚಿತ್ತವಿಕಾರದ ಭಯವುಂಟು. ಗರ್ಭಿಣಿಯರಿಗೆ ವರ್ಜ್ಯ. ಬಹುಕಾಲದ ಸೇವನೆಯಿಂದ ಕೆಲವರಿಗೆ ತಡೆಯಲಾಗದ ವಾಂತಿಯ ರೋಗವೇ ಬರುತ್ತದೆಂದು 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ವರ್ಣಿಸಿದರು. ಹೊಟ್ಟೆಯ ರೋಗಿಯಲ್ಲಿ ಇದು ಮೂಲರೋಗದ ಲಕ್ಷಣವೆಂದೇ ಭ್ರಮೆ ಹುಟ್ಟಿಸಬಲ್ಲದು. ನಮ್ಮಲ್ಲಿ ಗಾಂಜಾವನ್ನು ಚಿಲುಮೆಯಲ್ಲಿ ಹೊಗೆಸೊಪ್ಪಿನೊಡನೆ ಸೇದುವ ಅಭ್ಯಾಸವಿದೆ. ಹೊಗೆಸೊಪ್ಪಿನ ಧೂಮಪಾನ ಕ್ರೋನ್ಸ್ ರೋಗವನ್ನು ಹೆಚ್ಚಿಸುತ್ತದೆಂಬುದು ಸಿದ್ಧವಾದ ಸಂಗತಿ.

8. ಕಾನೂನಿನ ಎಲ್ಲೆ

1961ರ ಅಂತರರಾಷ್ಟ್ರೀಯ ಒಪ್ಪಂದವು ಗಾಂಜಾ ಎಂಬುದಕ್ಕೆ ಹೂವಿನ ಅಥವಾ ಕಾಯಿಯ ತುದಿಯೆಂದು ಲಕ್ಷಣ ಹೇಳಿ, ತುದಿಯಿಲ್ಲದ ಎಲೆಯನ್ನೂ ಬೀಜವನ್ನೂ ಹೊರಗಿಟ್ಟಿತು. 1985ರ ನವೆಂಬರ್ 14ರಿಂದ ಜಾರಿಗೆ ಬಂದ ನಮ್ಮ ಮಾದಕದ್ರವ್ಯ ಮತ್ತು ಮನೋದ್ರವ್ಯಗಳ ಕಾಯಿದೆ ಅದೇ ಲಕ್ಷಣವನ್ನು ಅನುಸರಿಸಿತು. ಅದರಂತೆ ಗಾಂಜಾ, ಚರಸ್ ಮತ್ತು ಅವುಗಳ ಮಿಶ್ರಣಗಳು ನಿಷಿದ್ಧ. ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಗಳಿಗೆ ಮಾತ್ರ ಪರವಾನಗಿಗೆ ಒಳಪಟ್ಟು ಅವಕಾಶವಿದೆ. ಬರಿಯ ಎಲೆಯ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನುಗಳಿಗೆ ಬಿಟ್ಟದ್ದು. 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಜಾಮೀನಿನ ಒಂದು ಪ್ರಕರಣದಲ್ಲಿ, ಭಂಗ್ ಗಾಂಜಾದಿಂದಲೋ ಚರಸ್ಸಿನಿಂದಲೋ ತಯಾರಾದುದೆಂದು ತೋರಿಸುವ ಆಧಾರವಿಲ್ಲದಿರುವಾಗ ಅದನ್ನು ಈ ಕಾಯಿದೆಯಡಿ ನಿಷಿದ್ಧವೆನ್ನಲಾಗದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಇದರಿಂದ ಎಲೆ ಎಲ್ಲೆಡೆಯೂ ಸ್ವತಂತ್ರವಾಯಿತೆಂದು ತಿಳಿಯುವುದು ತಪ್ಪು. ಒಂದು ರಾಜ್ಯದ ಅಂಗಡಿಯಲ್ಲಿ ಪರವಾನಗಿಯಿಂದ ಮಾರುವ ವಸ್ತು ಇನ್ನೊಂದು ರಾಜ್ಯದಲ್ಲಿ ಅಪರಾಧಕ್ಕೆ ಕಾರಣವಾಗಬಹುದು. ಅಂತೆಯೇ ವಿದೇಶದಲ್ಲಿ ವೈದ್ಯರ ಚೀಟಿಯ ಮೇಲೆ ಕೊಂಡ ಹೂವನ್ನೋ ಸಾರವನ್ನೋ ಬಂಧುಗಳ ಕೈಯಲ್ಲಿ ತರಿಸುವುದು ಅವರನ್ನು ಸಂಕಟಕ್ಕೆ ದೂಡಿದಂತೆ.

ಆಯುರ್ವೇದದ ಸಿದ್ಧ ಔಷಧಗಳ ಮಟ್ಟಿಗೆ ದಾರಿ ತೆರೆದಿದೆ. ಔಷಧ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿ ಬೀಜದ ಹೊರತು ಭಂಗಿ ಸೇರಿರುವುದರಿಂದ, ಅದು ಸೇರಿದ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆಯ ಮಾತು ಡಬ್ಬಿಯ ಮೇಲೆ ಇರಲೇಬೇಕು. ಆದರೆ ತಯಾರಿಸಿ ಮಾರಲು ದೊರೆತ ಪರವಾನಗಿ ಒಂದು. ಈ ರೋಗದಲ್ಲಿ ಗುಣವಿದೆಯೆಂಬ ಪರೀಕ್ಷಿತ ಪ್ರಮಾಣ ಮತ್ತೊಂದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೂಡ ಗಾಂಜಾದ ಘಟಕಗಳನ್ನು ಕ್ಯಾನ್ಸರ್ ಚಿಕಿತ್ಸೆಯ ವಾಂತಿ, ಅಪಸ್ಮಾರದ ಕೆಲವು ವಿಶಿಷ್ಟ ರೂಪಗಳು ಇಂತಹವುಗಳಿಗೆ ಅನುಮೋದಿಸಿದೆಯೇ ಹೊರತು ಕರುಳಿನ ಉರಿಯೂತಕ್ಕಲ್ಲ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವು ಗಾಂಜಾವನ್ನು ಅತಿಕಠಿಣ ನಿಯಂತ್ರಣದ ನಾಲ್ಕನೆಯ ಪಟ್ಟಿಯಿಂದ 27–25 ಮತಗಳಿಂದ ತೆಗೆದುಹಾಕಿದಾಗ ಭಾರತವು ಪರವಾಗಿ ಮತವಿತ್ತಿತು. ಸಂಶೋಧನೆಗೆ ಇದ್ದ ಒಂದು ಅಡಚಣೆ ಇದರಿಂದ ಸಡಿಲವಾಯಿತು.

9. ಹೈದರಾಬಾದಿನಲ್ಲಿ ಆಗಬಹುದಾದ ಕಾರ್ಯ

ನಾವು ನೆಲಸಿರುವ ಈ ನಗರಕ್ಕೆ ಔಷಧಪರೀಕ್ಷೆಯ ಒಂದು ಇತಿಹಾಸವೇ ಉಂಟು. ಕ್ಲೋರೋಫಾರ್ಮ್ ಕೊಟ್ಟಾಗ ಸಂಭವಿಸುವ ಮರಣಕ್ಕೆ ಕಾರಣ ಉಸಿರು ನಿಲ್ಲುವುದೋ ಹೃದಯ ನಿಲ್ಲುವುದೋ ಎಂಬುದನ್ನು ತಿಳಿಯಲು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಧನಸಹಾಯದಿಂದ ಎಡ್ವರ್ಡ್ ಲಾರಿ 1888ರಲ್ಲಿಯೂ 1889ರಲ್ಲಿಯೂ ಇಲ್ಲಿ ಎರಡು ಆಯೋಗಗಳನ್ನು ನಡೆಸಿದನು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದನು. ಲಾರಿ ಮೊದಲಿನಿಂದ ನಂಬಿದ್ದಂತೆ, ಉಸಿರೇ ಕಾರಣವೆಂದು ತೀರ್ಮಾನವಾಯಿತು. 1911ರಲ್ಲಿ ಗುಡ್‌ಮನ್ ಲೆವಿಯ ಪ್ರಯೋಗಗಳು ಹೃದಯವೂ ಹಠಾತ್ತಾಗಿ ನಿಲ್ಲಬಲ್ಲದೆಂದು ತೋರಿಸಿದವು. ಪರೀಕ್ಷೆ ನಡೆಸಿದ ಸಾಹಸ ಶ್ಲಾಘ್ಯ. ಬೇಕಾದ ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಪರೀಕ್ಷಿಸುವುದರ ಅಪಾಯವೂ ಅಲ್ಲಿಯೇ ಕಾಣುತ್ತದೆ.

ಹತ್ತಿರದ ಉದಾಹರಣೆ ಇನ್ನೂ ಆಶಾದಾಯಕ. ಮನೆಯ ಅರಿಸಿನದ ಸಾರವಾದ ಕರ್ಕ್ಯುಮಿನ್ನನ್ನು ಹೀರಿಕೆಗೆ ಸುಲಭವಾದ ರೂಪದಲ್ಲಿ ಸಿದ್ಧಪಡಿಸಿ, ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಿಗೆ ಮೆಸಲಮೀನ್ ಜೊತೆಯಲ್ಲಿ ಕೊಟ್ಟು, ನಿರ್ಗುಣ ಪದಾರ್ಥದೊಡನೆ ಹೋಲಿಸುವ ಪರೀಕ್ಷೆಯನ್ನು ಹೈದರಾಬಾದಿನಲ್ಲಿ ಡಾ. ರೂಪಾ ಬ್ಯಾನರ್ಜಿ ಮತ್ತು ಸಂಗಡಿಗರು ನಡೆಸಿ ಪ್ರಕಟಿಸಿದ್ದಾರೆ. ಮೂಲ ಔಷಧವನ್ನು ಬಿಡಿಸದೆ ಅದರ ಜೊತೆಗೆ ಹೊಸದನ್ನು ಸೇರಿಸಿದುದು, ಲಕ್ಷಣಗಳನ್ನಷ್ಟೇ ಕೇಳದೆ ಎಂಡೋಸ್ಕೋಪಿನಿಂದ ಕರುಳನ್ನೂ ನೋಡಿದುದು, ಈ ಎರಡು ಅಂಶಗಳು ಅನುಕರಣೀಯ. ಅರಿಸಿನಕ್ಕೆ ಸಂದ ಮರ್ಯಾದೆ ಭಂಗಿಗೂ ಸಲ್ಲಬಾರದೇಕೆ? ನಿಯತ ಬಲದ ಎಲೆಯಿಂದ ಮಾಡಿದ ಜಾತೀಫಲಾದಿ ಚೂರ್ಣ ಒಂದು ಗುಂಪಿಗೆ, ಭಂಗಿಯಿಲ್ಲದ ಅದೇ ಚೂರ್ಣ ಇನ್ನೊಂದು ಗುಂಪಿಗೆ, ಎರಡಕ್ಕೂ ಮೂಲ ಔಷಧ ಎಂದಿನಂತೆ. ಕೊನೆಯಲ್ಲಿ ಕರುಳಿನ ನೇರ ದರ್ಶನ. ಇಂತಹ ಒಂದು ಪರೀಕ್ಷೆಯಿಂದ ಭಂಗಿಯ ಗುಣ ಎಷ್ಟು, ಉಳಿದ ಇಪ್ಪತ್ತು ದ್ರವ್ಯಗಳ ಗುಣ ಎಷ್ಟು ಎಂಬ ಹಳೆಯ ಪ್ರಶ್ನೆಗೂ ಉತ್ತರ ದೊರೆತೀತು. ವೈದ್ಯ, ಹಕೀಮ, ಡಾಕ್ಟರ್ ಮೂವರ ಪರಂಪರೆಯೂ ಜೀವಂತವಾಗಿರುವ ಈ ನಗರಕ್ಕಿಂತ ತಕ್ಕ ಸ್ಥಳ ಇದಕ್ಕೆ ದುರ್ಲಭ.

ಅಲ್ಲಿಯವರೆಗೆ ರೋಗಿಯೂ ಅವನ ಮನೆಯವರೂ ನೆನಪಿಡತಕ್ಕ ಮಾತುಗಳು ಕೆಲವೇ. ರೋಗ ಯಾವುದೆಂದು ಮೊದಲು ನಿಶ್ಚಯವಾಗಲಿ. ನಡೆಯುತ್ತಿರುವ ಔಷಧವನ್ನು ಯಾವ ಹೊಸ ಔಷಧಕ್ಕಾಗಿಯೂ ತಾನಾಗಿ ಬಿಡಬಾರದು. ಭಂಗಿ ಸೇರಿದ ಔಷಧವನ್ನು ಸೇವಿಸುತ್ತಿದ್ದರೆ ಅದನ್ನು ಕರುಳಿನ ತಜ್ಞರಿಂದ ಮುಚ್ಚಿಡಬಾರದು. ಮುಚ್ಚಿಟ್ಟರೆ ಅವರ ಲೆಕ್ಕವೇ ತಪ್ಪುತ್ತದೆ. ಹಾಗೆಯೇ ತಜ್ಞರಾದವರು ಈ ಮಾತನ್ನು ಕೇಳಿದೊಡನೆ ರೋಗಿಯನ್ನು ವ್ಯಸನಿಯೆಂದು ಗದರಿಸಬಾರದು; ಗದರಿಸಿದರೆ ಮುಂದಿನ ಸಲ ಅವನು ಹೇಳುವುದಿಲ್ಲ. ನೋವು ತಗ್ಗಿದಾಗ ಸಂತೋಷಪಡುವುದು ಸಹಜ, ಉಚಿತವೂ ಹೌದು. ಆದರೆ ಕರುಳಿನ ಒಳಗೆ ಉರಿ ಆರಿತೇ ಎಂಬುದನ್ನು ಪರೀಕ್ಷೆಯಿಂದ ಅರಿತ ಮೇಲೆಯೇ ಗುಣವಾಯಿತೆಂಬ ಮಾತನ್ನು ಆಡತಕ್ಕದ್ದು.